ಕೆಂಡ ಟೆಂಟಿನ ಹೊರಗಿರಲಿ

ಗುಡ್ಡದ ಮೇಲಿನ ಕಾಡಿನಲ್ಲಿ ಚಳಿಯದೇ ಕಾಟ. ಹೊತ್ತು ಇಳಿಯುತ್ತಿದ್ದಂತೆ ಮಂಜು ಮರಗಳ ನಡುವೆ ನುಗ್ಗಿ ಬರುತ್ತದೆ. ನಂಬಿ ಬಂದ ಅತಿಥಿಗಳು ಹಲ್ಲು ಕಟಕಟಿಸುತ್ತ ಕೂತರೆ ಕ್ಯಾಂಪ್ ನಡೆಸುವವರಿಗೆ ಗಂಟಲಲ್ಲಿ ತುತ್ತು ಇಳಿದೀತೇ?

ಈ ಕ್ಯಾಂಪ್ ನಡೆಸುವವನನ್ನು ಎಲ್ಲರೂ ಗೈಡಣ್ಣ ಎಂದೇ ಕರೆಯುತ್ತಾರೆ. ಬೆಳಿಗ್ಗೆ ಅತಿಥಿಗಳನ್ನು ಕಾಡಿನ ನಡಿಗೆಗೆ ಕರೆದೊಯ್ಯುವುದು ಅವನ ಕೆಲಸ. ಅಡುಗೆಮನೆ ಹೆಂಡತಿಯದು. ಹೊದಿಕೆ, ಹಾಸಿಗೆ ಬಟ್ಟೆ ಒಗೆಯುವುದು ಅವನ ಅಮ್ಮನದು. ಮಂಚ, ಮೆತ್ತನೆ ಹಾಸಿಗೆ, ಸ್ನಾನಕ್ಕೆ ಬಿಸಿನೀರು, ಟೆಂಟುಗಳಲ್ಲಿ ಏನೂ ಕಡಿಮೆಯಿಲ್ಲ. ಆದರೆ ಅದಕ್ಕಾಗಿ ಒಂದು ಮರವನ್ನೂ ಕಡಿದಿಲ್ಲ. ದೀಪಗಳೆಲ್ಲ ಸೋಲಾರಿನವು. ಜನರೇಟರ್ ಹೆಸರೆತ್ತಿದರೆ ಸಾಕು, ಹಕ್ಕಿಗಳು ಬೆದರುತ್ತವೆ ಎಂದು ಗೈಡಣ್ಣ ಜಗಳಕ್ಕೇ ಬರುತ್ತಾನೆ.

ಹಾಗಾದರೆ ಚಳಿಗೇನು ಮಾಡುವುದು? ಗೈಡಣ್ಣ ತಾನೇ ಒಂದು ಉಪಾಯ ಹುಡುಕಿದ. ಒಣಗಿ ಬಿದ್ದ ಕೊಂಬೆಗಳನ್ನು ಹೊರಗೆ ಉರಿಸಿ, ಹೊಗೆಯೆಲ್ಲ ಹೋದ ಮೇಲೆ ಕೆಂಡವನ್ನು ಕಬ್ಬಿಣದ ಬಾಂಡ್ಲಿಯಲ್ಲಿ ತುಂಬಿ, ಕೇಳಿದವರ ಟೆಂಟಿನೊಳಗೆ ಇಟ್ಟ. ಮಂಜು ನುಸುಳಬಾರದೆಂದು ಒಳಗಡೆ ಇನ್ನೊಂದು ದಪ್ಪ ಬಟ್ಟೆ ಹೊಲಿಸಿ ಗಾಳಿಕಿಂಡಿಗಳನ್ನೂ ಮುಚ್ಚಿದ. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಬೆಳಿಗ್ಗೆ ಕೆಲವರು ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಎನ್ನುತ್ತಿದ್ದರು. ಗೈಡಣ್ಣ ಅವರನ್ನು ನಡಿಗೆಗೆ ಹೊರಡಿಸುತ್ತಿದ್ದ. ಪಾಚಿ ಹತ್ತಿದ ಮರ, ತೊರೆ, ಹಕ್ಕಿಗೂಡು ನೋಡುತ್ತ ಹೋದಂತೆ ತಲೆನೋವು ಕಡಿಮೆಯಾಗುತ್ತಿತ್ತು. ಅವರು ಕಾಡಿನ ಗಾಳಿಯನ್ನು ಹೊಗಳುತ್ತಿದ್ದರು. ಗೈಡಣ್ಣ ಅದನ್ನೂ ತನ್ನ ಹೆಚ್ಚುಗಾರಿಕೆಗೇ ಸೇರಿಸಿಕೊಳ್ಳುತ್ತಿದ್ದ.

ಒಂದು ಸಂಜೆ ಮೊದಲನೇ ಟೆಂಟು ಖಾಲಿ ಇತ್ತು.

"ಅಮ್ಮಾ, ಇವತ್ತು ನೀನು ಅಲ್ಲಿ ಮಲ್ಕೋ. ಅತಿಥಿ ಥರ."

"ಹೋಗೋ! ನಾಳೆ ಆ ಹಾಸಿಗೆ ಬಟ್ಟೆ ಒಗೆಯೋಳು ಯಾರು? ನಾನೇ ತಾನೆ?"

"ನಾನು ಒಗೀತೀನಿ."

"ನೀನು ಒಗೆದಿದ್ದನ್ನ ಮತ್ತೆ ನಾನು ಒಗೀಬೇಕಾಗುತ್ತೆ!"

ನಕ್ಕರೂ ಅಮ್ಮ ಒಪ್ಪಿದರು. ತಣ್ಣೀರಲ್ಲಿ ಕೆಲಸ ಮಾಡಿ ಮಾಡಿ ಅವರ ಬೆರಳುಗಳು ಸೊಟ್ಟಗಾಗಿದ್ದವು. ಅದನ್ನು ನೋಡಿದಾಗಲೆಲ್ಲ ಮಗನ ಕರುಳು ಚುರ್ ಎನ್ನುತ್ತಿತ್ತು. ಅಮ್ಮನಿಗೆ ಒಂದಿಷ್ಟೂ ಚಳಿ ತಾಗಬಾರದೆಂದು ಅತಿಥಿಗಳಿಗೆ ಇಡುತ್ತಿದ್ದುದಕ್ಕಿಂತ ಹೆಚ್ಚೇ ಕೆಂಡ ತುಂಬಿಟ್ಟು, ಕಾಲಿಗೆ ಕಂಬಳಿ ಹೊದಿಸಿ, ಬಾಗಿಲ ಜಿಪ್ಪನ್ನು ಪೂರ್ತಿ ಎಳೆದು ಬಂದ.

ಅತಿಥಿಗಳಿಗೆಲ್ಲ ಊಟ ಬಡಿಸಿ ಅವನು ಅಡುಗೆಮನೆಗೆ ಬಂದಾಗ ಕೆಳಗಿನ ಊರಿನ ಆಸ್ಪತ್ರೆಯ ನರ್ಸಕ್ಕ ಚಹಾ ಕುಡಿಯುತ್ತ ಕೂತಿದ್ದರು. ಕೆಲಸದ ಮೇಲೆ ಗುಡ್ಡ ಹತ್ತಿ ಬಂದಾಗಲೆಲ್ಲ ಗೈಡಣ್ಣನ ಹೆಂಡತಿಯನ್ನು ಮಾತಾಡಿಸದೆ ಅವರು ಹೋದವರಲ್ಲ.

"ಅಕ್ಕಾ, ನಿಮ್ಮ ಮಾತ್ರೆಗಿಂತ ನನ್ನ ನಡಿಗೆಯೇ ಮೇಲು," ಎಂದು ಗೈಡಣ್ಣ ಶುರು ಮಾಡಿದ. "ಎಂಥಾ ತಲೆನೋವಿದ್ರೂ ತೊರೆ ದಾಟೋದ್ರೊಳಗೆ ಹೋಗಿರುತ್ತೆ!"

"ಎಲ್ಲರಿಗೂ ಬರುತ್ತಾ ತಲೆನೋವು?"

"ಇಲ್ಲಪ್ಪ. ಕೆಂಡ ಇಡಿಸ್ಕೊಂಡೋರಿಗೆ ಮಾತ್ರ."

ನರ್ಸಕ್ಕ ಲೋಟ ಕೆಳಗಿಟ್ಟರು. "ಈಗ ಯಾವ ಟೆಂಟಲ್ಲಿದೆ ಕೆಂಡ?"

ಉತ್ತರ ಕೊಡುವ ಮೊದಲೇ ಹೆಂಡತಿ ಎದ್ದು ನಿಂತಿದ್ದಳು. "ಇವತ್ತು ಮೊದಲನೇ ಟೆಂಟಲ್ಲಿ ಮಾತ್ರ. ಅತ್ತೆ ಒಳಗಿದ್ದಾರೆ!"

ಮೂವರೂ ಓಡಿದರು. ಜಿಪ್ಪು ತೆಗೆದಾಗ ಒಳಗೆ ಬೆಚ್ಚಗಿತ್ತು, ಒಂದು ಎಳೆ ಹೊಗೆಯೂ ಇರಲಿಲ್ಲ. ಅಮ್ಮ ಅರೆಗಣ್ಣು ತೆರೆದು, "ಏಳೋಕೇ ಆಗ್ತಿಲ್ಲ ಕಣೋ," ಎಂದು ತೊದಲಿದರು. ಮಗ ಅವರನ್ನು ಎತ್ತಿಕೊಂಡು ಹೊರಗೆ ತಂದ. ಎಷ್ಟು ಹಗುರವಾಗಿದ್ದಾಳೆ ನನ್ನಮ್ಮ ಎಂದು ಅವನಿಗೆ ಆಗಲೇ ಗೊತ್ತಾದದ್ದು. ಕೂರಿಸುತ್ತಿದ್ದಂತೆ ಅಮ್ಮ ವಾಂತಿ ಮಾಡಿಕೊಂಡರು.

"ಜೀಪ್ ತೆಗಿ. ಆಸ್ಪತ್ರೆಗೆ ಹೋಗೋಣ," ಎಂದರು ನರ್ಸಕ್ಕ.

"ನಿದ್ದೆಗಣ್ಣು ಅಷ್ಟೇ ಅಲ್ವಾ ಅಕ್ಕಾ? ಹೊಗೆ ಒಂಚೂರೂ ಇರ್ಲಿಲ್ಲ."

"ಹೊಗೆ ಇದ್ದಿದ್ರೆ ಕೆಮ್ಮಿ ಹೊರಗೆ ಬರ್ತಿದ್ರು. ಕೆಂಡದಿಂದ ಬರೋ ವಿಷಗಾಳಿ ಕಣ್ಣಿಗೆ ಕಾಣಲ್ಲ, ಮೂಗಿಗೆ ವಾಸನೆ ಬರಲ್ಲ. ಮೊದಲು ತಲೆನೋವು, ವಾಕರಿಕೆ. ಆಮೇಲೆ ಮಂಪರು. ಮಲಗಿದೋರು ಮಲಗಿದ ಹಾಗೇ ಹೋಗಿಬಿಡ್ತಾರೆ."

"ನಮ್ಮಜ್ಜಿ ಜೀವಮಾನವೆಲ್ಲ ಕೆಂಡದ ಮುಂದೆ ಕೂತಿದ್ರಲ್ಲ?"

"ನಿಮ್ಮಜ್ಜಿ ಮನೆ ಹೆಂಚಿನ ಸಂದಿಯಲ್ಲಿ ಗಾಳಿ ಆಡ್ತಿತ್ತೇನೋ. ಹಾಗಿದ್ರೂ ಅದು ಅಪಾಯವೇ. ನೀನಂತೂ ಗಾಳಿಕಿಂಡಿಯನ್ನೂ ಮುಚ್ಚಿದ್ದೀಯ. ಹೊರಗೆ ನಡೆದಾಗ ಒಳ್ಳೆ ಗಾಳಿ ಸಿಕ್ಕಿ ಅತಿಥಿಗಳಿಗೆ ಹಗುರ ಆಗ್ತಿತ್ತು, ಅಷ್ಟೆ. ಮಾತು ಸಾಕು, ಹೊರಡು!"

ಆಸ್ಪತ್ರೆಯಲ್ಲಿ ಅಮ್ಮನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಮಗ ಆ ಸೊಟ್ಟ ಬೆರಳುಗಳನ್ನು ಹಿಡಿದು ಕೂತ. ತನ್ನ ಕೈಯಾರೆ ಜಿಪ್ಪು ಎಳೆದದ್ದು ನೆನಪಾಗಿ ಬಿಕ್ಕಿಬಿಕ್ಕಿ ಅತ್ತ. "ಇನ್ನೂ ಸ್ವಲ್ಪ ತಡವಾಗಿದ್ದಿದ್ರೆ ನಮ್ಮ ಕೈಲಿ ಏನೂ ಇರ್ತಿರ್ಲಿಲ್ಲ," ಎಂದರು ಡಾಕ್ಟರು. 

ಅಮ್ಮ ಹುಷಾರಾಗಿ ಬಂದರು. ಗೈಡಣ್ಣ ಒಳಗಿನ ದಪ್ಪ ಬಟ್ಟೆ ಬಿಚ್ಚಿಸಿ ಗಾಳಿಕಿಂಡಿಗಳನ್ನು ತೆರೆದ. ಈಗ ಚಳಿ ಎಂದವರಿಗೆ ಇನ್ನೊಂದು ಕಂಬಳಿ, ಉಣ್ಣೆಯ ಟೋಪಿ, ಕಾಲ ಬಳಿ ಇಟ್ಟುಕೊಳ್ಳಲು ಬಿಸಿನೀರಿನ ರಬ್ಬರ್ ಚೀಲ. ಬೆಂಕಿ ಬೇಕೆಂದರೆ ಬಯಲಿನಲ್ಲಿ, ಎಲ್ಲರೂ ಸುತ್ತ ಕೂರುವಂತೆ. ಮಲಗುವ ಮುಂಚೆ ಅದಕ್ಕೆ ನೀರು ಸುರಿದು, ಬೂದಿ ತಣ್ಣಗಾಗಿದೆಯೇ ಎಂದು ಹೆಂಡತಿ ನೋಡಿಯೇ ಒಳಗೆ ಹೋಗುತ್ತಾಳೆ.

ಮೈಯಲ್ಲಿ ಶಕ್ತಿ ಬಂದ ಮೇಲೆ ಒಂದು ಬೆಳಿಗ್ಗೆ ಅಮ್ಮನೂ ನಡಿಗೆಗೆ ಹೊರಟರು. ಇಷ್ಟು ವರ್ಷ ಅಲ್ಲೇ ಇದ್ದರೂ ಒಗೆಯುವ ಕಲ್ಲು ಬಿಟ್ಟು ಆಚೆ ಹೋದವರಲ್ಲ. ಮಗ ಅವರ ಕೈ ಹಿಡಿದು ನಿಧಾನವಾಗಿ ನಡೆಸಿದ. ಅತಿಥಿಗಳು ಹಿಂದೆ ಬಂದರು. ಗುಡ್ಡದ ನೆತ್ತಿಯಲ್ಲಿ ಮಂಜು ಸರಿದು ಕಣಿವೆ ಕಂಡಾಗ ಅಮ್ಮ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟರು.

"ಹೀಗಿದೆಯೇನೋ ಇದು? ನೋಡದೇ ಹೋಗಿಬಿಡ್ತಿದ್ನಲ್ಲೋ!"

ಗೈಡಣ್ಣ ಅಮ್ಮನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಅಣ್ಣಂದಿರೇ, ಅಕ್ಕಂದಿರೇ, ಟೆಂಟಾಗಲಿ, ಕೋಣೆಯಾಗಲಿ, ಕಾರಾಗಲಿ, ಜನ ಮಲಗುವ ಕಡೆ ಕೆಂಡ, ಇದ್ದಿಲು, ಒಲೆ ಬೇಡ. ಹೊಗೆ ಇಲ್ಲವೆಂದೋ, ಬಾಗಿಲು ಒಂಚೂರು ತೆರೆದಿದೆಯೆಂದೋ ನಂಬಿ ಕೂರಬೇಡಿ. ಒಳಗಿದ್ದವರಿಗೆ ತಲೆನೋವು, ವಾಕರಿಕೆ, ಮಂಪರು ಕಂಡರೆ ತಕ್ಷಣ ಹೊರಗೆ ತನ್ನಿ, ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮವರು ಇವತ್ತು ಬೆಚ್ಚಗೆ ಮಲಗಲಿ, ನಾಳೆ ಬೆಳಿಗ್ಗೆ ಎದ್ದು ನಿಮ್ಮನ್ನು ಬೈಯಲಿಕ್ಕಾದರೂ ಇರಲಿ.