ಮಳೆಯಿಲ್ಲದೆ ಏರುವ ನೀರು

ಸಾದಲಿಯ ಹತ್ತಿರದ ಆ ಊರಿನಲ್ಲಿ ಬೇಸಿಗೆ ಬಂದರೆ ಕೆರೆ ಏರಿಯ ಮೇಲೆ ಯಾರೂ ನಡೆಯುವುದಿಲ್ಲ. ಏರಿ ಬಲು ಸುತ್ತು. ಬತ್ತಿದ ಕೆರೆಯಂಗಳದಲ್ಲಿ ಅಡ್ಡ ಹಾಯ್ದರೆ ಬಸ್ಸು ನಿಲ್ಲುವ ಜಾಗ ಅರ್ಧ ದಾರಿ. ಏರಿ ಕುಸಿದು ಹಾಳಾಗುತ್ತಿದೆ, ಹುಲ್ಲು ಬೆಳೆದು ಹಾವು ಸೇರಿಕೊಂಡಿವೆ, ಆದರೂ ಯಾರಿಗೂ ಅದರ ಚಿಂತೆಯಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಅಕ್ಕಯಮ್ಮನೂ ಹೀಗೇ ಅಡ್ಡ ಹಾಯ್ದವಳು. ಕೆರೆಗೆ ನೀರು ಬರಬೇಕಾದರೆ ಮೊದಲು ಮೋಡ ಕಟ್ಟಬೇಕು, ಮಳೆ ಹೊಡೆಯಬೇಕು, ಕಾಲುವೆ ಸದ್ದು ಮಾಡಬೇಕು. ನೀರು ಹೇಳಿಯೇ ಬರುತ್ತದೆ. ಅಕ್ಕಯಮ್ಮ ಕಂಡ ನೀರು ಅದೊಂದೇ.

1994ರ ಬೇಸಿಗೆಯಲ್ಲಿ ಊರಿನ ಮಹಿಳಾ ಸಂಘದವರು ಕುಮಟಾ ಕಡೆಯ ಸಮುದ್ರ ನೋಡಲು ಹೊರಟರು. ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿತ್ತು. ಮುಂದಿನ ಮೊಟ್ಟೆ ತರಲು ನಾಲ್ಕು ದಿನ ಬಿಡುವು. ಅಕ್ಕಯಮ್ಮನ ವಾರಗಿತ್ತಿ ಕೊಂಡಮ್ಮನಿಗೂ ಹೋಗುವ ಆಸೆ. ಆದರೆ ಕೊಂಡಮ್ಮನಿಗೆ ಮಂಡಿನೋವು. ಗಂಡ ಕೋನಪ್ಪ ಒಪ್ಪಲಿಲ್ಲ.

"ಆ ಮಂಡಿ ಇಟ್ಕೊಂಡು ಎಲ್ಲಿಗೆ ಹೋಗ್ತೀಯ? ಸಮುದ್ರಾನ ಟೀವೀಲಿ ನೋಡ್ಕೊ."

"ಟೀವೀಲಿ ನೋಡಿದ್ರೆ ಕಾಲು ನೆನೆಯುತ್ತೇನ್ರೀ?" ಎಂದಳು ಕೊಂಡಮ್ಮ.

ಅಕ್ಕಯಮ್ಮ ನಡುವೆ ಬಂದಳು. "ಭಾವಾ, ನಾನು ಕರ್ಕೊಂಡು ಹೋಗ್ತೀನಿ, ನಾನೇ ಕರ್ಕೊಂಡು ಬರ್ತೀನಿ. ಹೆಂಗೆ ಕಳಿಸ್ತೀರೋ ಹಂಗೇ ತಂದು ಈ ಬಾಗಿಲಲ್ಲಿ ನಿಲ್ಲಿಸ್ತೀನಿ."

"ಮಾತು ಕೊಟ್ಟಂಗೆ?"

"ಕೊಟ್ಟಂಗೇ."

ಅಕ್ಕಯಮ್ಮ ಹಾಗೆಲ್ಲ ಮಾತು ಕೊಡುವವಳಲ್ಲ, ಕೊಟ್ಟರೆ ಬಿಡುವವಳೂ ಅಲ್ಲ. ಬಸ್ಸಿನಲ್ಲಿ ರಾತ್ರಿಯಿಡೀ ಕೊಂಡಮ್ಮನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಬೆಳಿಗ್ಗೆ ಬಸ್ಸು ಒಂದು ಗಾಳಿಮರದ ತೋಪಿನ ಬಳಿ ಇಳಿಸಿ, ಹೊಳೆಬಾಯಿಯ ಆಚೆ ಬದಿಯಲ್ಲಿ ಕಾಯುತ್ತೇನೆಂದು ಹೊರಟುಹೋಯಿತು. ತೋಪಿನಿಂದ ಒಂದು ಕಾಲುದಾರಿ ಶುರುವಾಗುತ್ತಿತ್ತು. ಇಕ್ಕೆಲದಲ್ಲಿ ಸುಣ್ಣ ಬಳಿದ ಕಲ್ಲುಗಳು. ಮುಂದೆ ಅದು ಮಣ್ಣಿನ ಏರಿಯ ಮೇಲೆ ಹತ್ತಿ ಕಾಂಡ್ಲಾ ಕಾಡಿನ ಸುತ್ತ ಹೋಗುತ್ತಿತ್ತು. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರಗಳ ಕಾಡು ಅದು. ಮರಗಳು ನೆಲಕ್ಕೆ ಮುಟ್ಟಿಯೇ ಇರಲಿಲ್ಲ. ಬೇರುಗಳ ಮೇಲೆ ಎದ್ದು, ಸೀರೆ ಮೇಲೆತ್ತಿಕೊಂಡ ಹೆಂಗಸರ ಹಾಗೆ ನಿಂತಿದ್ದವು.

ಸಾದಲಿ ಶಾಲೆಯ ಟೀಚರ್ ಗೋದಮ್ಮ ಎಲ್ಲರನ್ನೂ ನಿಲ್ಲಿಸಿದರು. ಪ್ರವಾಸದ ಜವಾಬ್ದಾರಿ ಅವರದು. ಆಗಲೇ ಅವರು ಅಲ್ಲಿ ಚಿಪ್ಪು ಆರಿಸುತ್ತಿದ್ದ ಕರಾವಳಿಯ ಹೆಂಗಸೊಬ್ಬಳ ಜೊತೆ ಮಾತಾಡಿ ಬಂದಿದ್ದರು.

"ಕೇಳಿ ಎಲ್ಲರೂ. ಇಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಈಗ ಇಳಿದಿದೆ, ಅದಕ್ಕೇ ಕೆಸರು ಕಾಣ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ತಿರುಗಿ ಏರುತ್ತಂತೆ. ಯಾರೂ ಏರಿ ಬಿಟ್ಟು ಕೆಳಗೆ ಇಳೀಬೇಡಿ."

ಅಕ್ಕಯಮ್ಮ ಆಕಾಶ ನೋಡಿದಳು. "ಒಂದು ತುಂಡು ಮೋಡ ಇಲ್ಲ ಟೀಚರಮ್ಮ. ಎಲ್ಲಿಂದ ಏರುತ್ತೆ? ಯಾರಾದ್ರೂ ಬಿಂದಿಗೇಲಿ ತಂದು ಸುರೀತಾರಾ?"

ಹೆಂಗಸರೆಲ್ಲ ನಕ್ಕರು.

"ಮಳೆಯಿಂದ ಅಲ್ಲಮ್ಮ. ಚಂದ್ರ ಎಳೆಯೋದ್ರಿಂದ."

"ಓಹೋ! ಹಗಲು ಹೊತ್ತಲ್ಲಿ ಚಂದ್ರ!"

ಮತ್ತೆ ನಗು. ಗೋದಮ್ಮ ನಗಲಿಲ್ಲ. "ಅಕ್ಕಯಮ್ಮ, ನಿನ್ನ ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀಯ?"

ರೇಷ್ಮೆಹುಳ ಪೊರೆ ಬಿಡುವ ಮೊದಲು ಮೇಯದೆ ತಲೆಯೆತ್ತಿ ಕೂರುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. "ಹಾಕಿದ್ರೆ ಹಾಳಾಗ್ತವೆ," ಎಂದಳು ಅಕ್ಕಯಮ್ಮ. "ಎದ್ದ ಮೇಲೇ ಹಾಕೋದು."

"ಯಾಕೆ ಕೂತಿದ್ದೀಯ ಅಂತ ಅದನ್ನ ಕೇಳ್ತೀಯ?"

"ಅದರ ಟೈಮು ಅದಕ್ಕೆ."

"ಈ ನೀರಿನ ಟೈಮು ಈ ನೀರಿಗೆ. ನಾವು ಒಪ್ಪಿದ್ರೂ ಅಷ್ಟೆ, ಬಿಟ್ರೂ ಅಷ್ಟೆ."

ಅಕ್ಕಯಮ್ಮ ಕೊಂಡಮ್ಮನ ಕೈ ಹಿಡಿದು ನಡೆದಳು. ಮಾತನ್ನು ಒಪ್ಪಿದಳೆಂದಲ್ಲ.

ಏರಿಯ ದಾರಿ ಉದ್ದವಾಗಿತ್ತು. ಅರ್ಧ ಗಂಟೆಯಲ್ಲಿ ಉಳಿದವರು ತಿರುವು ದಾಟಿ ಕಣ್ಮರೆಯಾದರು. ಕೊಂಡಮ್ಮ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಅವಳ ಮುಖ ನೋಡಿ ಅಕ್ಕಯಮ್ಮನಿಗೆ ಸಂಕಟವಾಯಿತು. ಅಷ್ಟರಲ್ಲಿ ಮರಗಳ ನಡುವಿನಿಂದ, ಕೆಸರುಬಯಲಿನ ಆಚೆ, ಬಸ್ಸಿನ ತಲೆ ಕಂಡಿತು. ನಡುವೆ ಒಂದು ಮರಳುದಿಣ್ಣೆ. ಎಲ್ಲ ಒಣಗಿದಂತೆ ಕಾಣುತ್ತಿತ್ತು. ಥೇಟು ಊರಿನ ಕೆರೆಯಂಗಳ.

"ಅಕ್ಕಾ, ಅಗೋ ಬಸ್ಸು. ನೇರ ಹೋದ್ರೆ ಕಾಲು ಗಂಟೆ. ಏರಿ ಹಿಡಿದ್ರೆ ನಿನ್ನ ಮಂಡಿ ಸಾಯಂಕಾಲಕ್ಕೆ ಮುಟ್ಟಿಸುತ್ತೆ."

"ಟೀಚರಮ್ಮ ಬೇಡ ಅಂದ್ರಲ್ಲೇ."

"ಅವರು ಪುಸ್ತಕ ನೋಡವ್ರೆ. ನಾನು ಕೆರೆ ನೋಡಿದ್ದೀನಿ. ಬಾ."

ಇಬ್ಬರೂ ಇಳಿದರು. ಮೊದಲು ನೆಲ ಗಟ್ಟಿಯಾಗಿಯೇ ಇತ್ತು. ಒಂದು ಒಣ ಹಳ್ಳ ದಾಟಿದ ಮೇಲೆ ಮೆತ್ತಗಾಯಿತು. ದಿಣ್ಣೆ ಮುಟ್ಟುವಷ್ಟರಲ್ಲಿ ಕೊಂಡಮ್ಮ ಸುಸ್ತಾಗಿ ಕೂತುಬಿಟ್ಟಳು. ಅಲ್ಲಿ ಬಿಳಿ ಚಿಪ್ಪುಗಳು ಬಿದ್ದಿದ್ದವು. ಮೊಮ್ಮಗಳಿಗೆಂದು ಅಕ್ಕಯಮ್ಮ ಸೆರಗಿನ ತುಂಬ ಆರಿಸಿದಳು. ತಲೆಯೆತ್ತಿ ಬಂದ ದಾರಿಯ ಕಡೆ ನೋಡಿದಾಗ ತಾವು ದಾಟಿದ್ದ ಒಣ ಹಳ್ಳದಲ್ಲಿ ನೀರು ಹೊಳೆಯುತ್ತಿತ್ತು.

ಸದ್ದೇ ಇರಲಿಲ್ಲ. ಅಲೆಯೂ ಇರಲಿಲ್ಲ. ನೀರು ಎದುರಿನಿಂದ ಬರುತ್ತದೆ ಎಂದುಕೊಂಡವಳಿಗೆ ಅದು ಬೆನ್ನ ಹಿಂದಿನಿಂದ ಬಂದಿತ್ತು. ನೋಡುನೋಡುತ್ತ ಹಳ್ಳ ತುಂಬಿ, ಏಡಿಯ ಬಿಲಗಳಲ್ಲಿ ಗುಳ್ಳೆ ಎದ್ದು, ದಿಣ್ಣೆಯ ಅಂಚು ಕರಗತೊಡಗಿತು. ಆಕಾಶ ಮಾತ್ರ ನೀಲಿಯಾಗಿಯೇ ಇತ್ತು.

"ಏಳಕ್ಕಾ! ನಡೀ!"

ಅಕ್ಕಯಮ್ಮ ಅವಳ ರಟ್ಟೆ ಹಿಡಿದು ಎಳೆದಳು. ನಾಲ್ಕು ಹೆಜ್ಜೆಗೆ ಕೊಂಡಮ್ಮನ ಕಾಲು ಮೊಳಕಾಲಿನವರೆಗೆ ಕೆಸರಿನಲ್ಲಿ ಹೂತಿತು. ಹೆದರಿದಾಗ ಕೊಂಡಮ್ಮನ ಬಾಯಲ್ಲಿ ತವರಿನ ತೆಲುಗು ಬರುತ್ತಿತ್ತು.

"ನಾ ವಲ್ಲ ಕಾದು! ನನ್ನ ಕೈಲಿ ಆಗಲ್ಲ ಕಣೇ. ನೀನು ಹೋಗು. ಹೋಗಿ ಯಾರನ್ನಾದ್ರೂ ಕರಿ."

"ಬಾಯಿ ಮುಚ್ಚು. ಬಿಟ್ಟು ಹೋಗೋಕೆ ನಾನು ನಿನ್ನ ಕರ್ಕೊಂಡು ಬಂದಿಲ್ಲ."

ಇಬ್ಬರಿಗೂ ಈಜು ಬರುತ್ತಿರಲಿಲ್ಲ. ಅಕ್ಕಯಮ್ಮ ಮಂಡಿಯೂರಿ ಕೈಯಿಂದ ಕೆಸರು ತೋಡಿ ಆ ಕಾಲನ್ನು ಬಿಡಿಸಿದಳು. ಚಿಪ್ಪಿನ ಅಂಚು ತಾಗಿ ಕೊಂಡಮ್ಮನ ಮೀನಖಂಡ ಉದ್ದಕ್ಕೆ ಸೀಳಿತು. ಅಷ್ಟರಲ್ಲಿ ಸೊಂಟದವರೆಗೆ ನೀರು ಬಂದಿತ್ತು. ಹಳ್ಳಕ್ಕೆ ಇಳಿದು ದಾಟಿಬಿಡೋಣ ಎಂದು ಅಕ್ಕಯಮ್ಮ ಹೆಜ್ಜೆ ಎತ್ತಿದಾಗ ಏರಿಯ ಮೇಲಿಂದ ಗೋದಮ್ಮನ ದನಿ ಕೇಳಿಸಿತು. ಇಬ್ಬರು ಕಡಿಮೆ ಎಂದು ತಿಳಿದು ಅವರು ಹಿಂದಕ್ಕೆ ಓಡಿಬಂದಿದ್ದರು.

"ಅಕ್ಕಯಮ್ಮಾ! ಹಳ್ಳಕ್ಕೆ ಇಳೀಬೇಡ! ಆಳ ಇದೆ! ಮರ ಹಿಡ್ಕೊ! ಮರದ ಬೇರು ಹತ್ತಿ ನಿಲ್ಲು!"

ಜೀವ ಉಳಿಸಿಕೊಳ್ಳಲು ಓಡಬೇಕೆಂದು ಮೈಯೆಲ್ಲ ಹೇಳುತ್ತಿರುವಾಗ ಒಂದು ಕಡೆ ನಿಲ್ಲುವುದು ಸುಲಭವಲ್ಲ. ಅಕ್ಕಯಮ್ಮ ಹಲ್ಲು ಕಚ್ಚಿದಳು. ದಿಣ್ಣೆಯ ಪಕ್ಕದ ಕಾಂಡ್ಲಾ ಮರದ ಬೇರಿನ ಮೇಲೆ ಕೊಂಡಮ್ಮನನ್ನು ನೂಕಿ ಹತ್ತಿಸಿದಳು. ತನ್ನ ಸೆರಗು ಬಿಚ್ಚಿ ಅವಳನ್ನೂ ಮರವನ್ನೂ ಸೇರಿಸಿ ಸುತ್ತಿ, ತುದಿಯನ್ನು ಮುಂಗೈಗೆ ಬಿಗಿದುಕೊಂಡಳು. ಚಿಪ್ಪುಗಳೆಲ್ಲ ನೀರಿಗೆ ಬಿದ್ದವು. ನೀರು ಅವಳ ಎದೆಗೆ ಬಂತು. ಕುತ್ತಿಗೆಗೆ ಬಂತು. ಕೊಂಡಮ್ಮ ಅವಳ ಜುಟ್ಟು ಹಿಡಿದು ಮೇಲಕ್ಕೆ ಎಳೆಯುತ್ತಿದ್ದಳು.

ಗೋದಮ್ಮನ ಕೂಗು ಕೇಳಿ, ಬೆಳಿಗ್ಗೆ ಚಿಪ್ಪು ಆರಿಸುತ್ತಿದ್ದ ಹೆಂಗಸು ಸಣ್ಣ ದೋಣಿಯನ್ನು ಮರಗಳ ನಡುವಿನಿಂದ ನುಗ್ಗಿಸಿಕೊಂಡು ಬಂದಳು. ಇಬ್ಬರನ್ನೂ ಒಬ್ಬೊಬ್ಬರಾಗಿ ಎಳೆದು ಹಾಕಿಕೊಂಡ ಮೇಲೆ ಬಯ್ದಳು. "ನಿಮ್ಗೆ ಜೀವ ಅಂದ್ರೆ ಆಟ ಆಯ್ತಾ? ಹುಟ್ಟಿದಾಗಿಂದ ಇಲ್ಲೇ ಇರೂ ನಾನೇ ಭರತದ ಹೊತ್ತಲ್ಲಿ ಇಲ್ಲಿ ಇಳೂದಿಲ್ಲ!"

ಅಕ್ಕಯಮ್ಮನಿಗೆ ಬಯ್ಗುಳ ತಾಗಲಿಲ್ಲ. ಅವಳು ಸೆರಗು ಹಿಂಡುತ್ತಲೇ ಕೇಳಿದಳು. "ಭರತ ಅಂದ್ರೆ ಈ ನೀರು ಏರೋದಾ? ನಾಳೆ ಎಷ್ಟು ಹೊತ್ತಿಗೆ?"

"ಇವತ್ತಿಗಿಂತ ಮುಕ್ಕಾಲು ತಾಸು ತಡ. ಅಮಾಸೆ ಹುಣ್ಮೆಗೆ ಇನ್ನೂ ಜೋರು. ಪ್ರತಿದಿನ ಕೇಳ್ಬೇಕು, ನಿನ್ನೆ ಹೊತ್ತು ಇವತ್ತಿಗೆ ನಡೂದಿಲ್ಲ."

ಅಂದು ಕೊಂಡಮ್ಮನ ಕಾಲಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆರು ಹೊಲಿಗೆ ಹಾಕಿದರು, ಧನುರ್ವಾಯುವಿನ ಸೂಜಿ ಚುಚ್ಚಿದರು. ಕೊಂಡಮ್ಮನನ್ನು ಮಲಗಿಸಿ, ಮಾರನೆಯ ಬೆಳಿಗ್ಗೆ ಅಕ್ಕಯಮ್ಮ ಗೋದಮ್ಮನ ಮುಂದೆ ಬಂದು ನಿಂತಳು.

"ಟೀಚರಮ್ಮ, ಆ ಏರಿ ಮೇಲೆ ನಾನು ಇನ್ನೊಂದು ಸಲ ನಡೀಬೇಕು. ನೋಡಬೇಕು."

"ಭಯ ಇಲ್ವಾ?"

"ಇದೆ. ಅದಕ್ಕೇ ನೋಡಬೇಕು."

ದೋಣಿಯ ಹೆಂಗಸಿನ ಹತ್ತಿರ ನೀರು ಏರುವ ಹೊತ್ತು ಕೇಳಿಕೊಂಡು ಇಬ್ಬರೂ ಹೋದರು. ಸುಣ್ಣದ ಕಲ್ಲು ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಲಿಲ್ಲ. ಕಾಡನ್ನು ಅಕ್ಕಯಮ್ಮ ನಿಜವಾಗಿ ನೋಡಿದ್ದು ಆಗಲೇ. ಕೆಂಪು ಕಾಲಿನ ಏಡಿಗಳು, ಮರದ ಮೇಲೆಯೇ ಮೊಳಕೆಯೊಡೆದು ನೇತಾಡುವ ಬೀಜಗಳು, ಕೆಸರಿನ ಮೇಲೆ ನೆಗೆಯುವ ಮೀನು. ಆಮೇಲೆ ಹೇಳಿದ ಹೊತ್ತಿಗೆ ಸರಿಯಾಗಿ ನೀರು ಬಂತು. ತಾನು ನಿಂತಿದ್ದ ದಿಣ್ಣೆ ಪೂರ್ತಿ ಮುಳುಗುವವರೆಗೂ ಅವಳು ಏರಿಯ ಮೇಲಿಂದ ಅಲುಗಾಡದೆ ನೋಡಿದಳು.

ಊರಿಗೆ ಬಂದಾಗ ಕೋನಪ್ಪ ಬಾಗಿಲಲ್ಲೇ ಇದ್ದ. ಅಕ್ಕಯಮ್ಮ ಸುತ್ತುಬಳಸಿ ಹೇಳಲಿಲ್ಲ.

"ಭಾವಾ, ಹೆಂಗೆ ಕಳಿಸಿದ್ರೋ ಹಂಗೆ ತಂದಿಲ್ಲ. ತಪ್ಪು ನಂದು. ಟೀಚರಮ್ಮ ಹೇಳಿದ್ರು, ನಾನು ಕೇಳಲಿಲ್ಲ."

ಎಲ್ಲ ಕೇಳಿದ ಮೇಲೂ ಕೋನಪ್ಪ ನಂಬಲಿಲ್ಲ. "ಮೋಡ ಇಲ್ದೆ ಕುತ್ತಿಗೆವರೆಗೂ ನೀರಾ? ಯಾರಿಗೆ ಕಥೆ ಹೇಳ್ತೀಯಮ್ಮ?"

ಕೊಂಡಮ್ಮ ಸೀರೆಯಂಚು ಎತ್ತಿ ಹೊಲಿಗೆ ತೋರಿಸಿದಳು. "ಇವಳ ಜುಟ್ಟು ನನ್ನ ಕೈಲಿತ್ತು ಕಣ್ರೀ. ಇನ್ನೊಂದು ಗೇಣು ಏರಿದ್ರೆ ಇವಳು ನಿಮ್ಮ ಮುಂದೆ ನಿಂತು ಮಾತಾಡ್ತಿರಲಿಲ್ಲ."

ಕೋನಪ್ಪ ತಮ್ಮನ ಹೆಂಡತಿಯ ಕೈ ನೋಡಿದ. ಮುಂಗೈ ಮೇಲೆ ಸೆರಗು ಬಿಗಿದ ಗುರುತು ಇನ್ನೂ ನೀಲಿಗಟ್ಟಿತ್ತು. "ಬರೋ ತಿಂಗಳು ಡೈರಿಯಿಂದ ನಾವೂ ಇಪ್ಪತ್ತು ಜನ ಅಲ್ಲಿಗೇ ಹೋಗ್ತಿದ್ದೀವಿ," ಎಂದ ಮೆಲ್ಲಗೆ. "ನಾವೂ ನೇರ ಇಳೀತಿದ್ವಿ."

"ಹಂಗಾದ್ರೆ ನಾಳೆ ಹಾಲು ಹಾಕೋ ಹೊತ್ತಿಗೆ ನಾನು ಡೈರಿಗೆ ಬರ್ತೀನಿ. ನನ್ನ ತಪ್ಪು ನಾನೇ ಹೇಳ್ತೀನಿ. ನಗೋರು ನಗಲಿ."

ಕೆಲವರು ನಕ್ಕರು. ಅವಳು ಮುಗಿಸಿದಾಗ ಯಾರೂ ನಗುತ್ತಿರಲಿಲ್ಲ. ಆ ಇಪ್ಪತ್ತು ಜನ ಹೋದಾಗ ಕೋನಪ್ಪ ಬಸ್ಸಿಳಿದು ಮೊದಲು ಮಾಡಿದ ಕೆಲಸ, ಅಲ್ಲಿಯ ಊರಿನವರನ್ನು ಹುಡುಕಿ ನೀರಿನ ಹೊತ್ತು ಕೇಳಿದ್ದು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾವು ಕೆರೆಯ ಸೀಮೆಯವರು. ಗೌರಿಬಿದನೂರಿರಲಿ, ಚಿಂತಾಮಣಿಯಿರಲಿ, ನಮ್ಮ ನೀರು ಮಳೆಯ ಮಾತು ಕೇಳುತ್ತದೆ. ಸಮುದ್ರದ ನೀರು ಕೇಳುವುದಿಲ್ಲ. ಸಮುದ್ರ ತೀರದ ಕಾಡಿಗೆ ಖಂಡಿತ ಹೋಗಿ, ನಿಮ್ಮ ಮಕ್ಕಳಿಗೂ ತೋರಿಸಿ, ಅಂಥ ಮರಗಳು ನಮ್ಮ ಕಡೆ ಇಲ್ಲ. ಆದರೆ ಕಾಲಿಡುವ ಮೊದಲು ಅಲ್ಲಿಯವರನ್ನು ಕೇಳಿ, ನೀರು ಎಷ್ಟು ಹೊತ್ತಿಗೆ ತಿರುಗುತ್ತದೆ ಎಂದು. ಗುರುತಿನ ದಾರಿ ಎಷ್ಟೇ ಸುತ್ತಾಗಲಿ, ಬಿಡಬೇಡಿ. ನಡೆಯಲಾಗದವರು ಜೊತೆಗಿದ್ದರೆ ಅವರ ಹೆಜ್ಜೆಗೆ ಎಲ್ಲರೂ ನಡೆಯಿರಿ, ಯಾರನ್ನೂ ಹಿಂದೆ ಬಿಡಬೇಡಿ. ಅಕಸ್ಮಾತ್ ನೀರು ಸುತ್ತುವರಿದರೆ ಹಳ್ಳ ದಾಟಲು ಹೋಗಬೇಡಿ. ಎತ್ತರಕ್ಕೆ ಹತ್ತಿ, ಗಟ್ಟಿಯಾಗಿ ಕೂಗಿ.

ಅಂದು ದೋಣಿ ಹತ್ತಿರದಲ್ಲಿತ್ತು. ನೀವು ಹೋದ ದಿನವೂ ಇರುತ್ತದೆ ಎಂದು ಯಾರೂ ಮಾತು ಕೊಡಲಾರರು.