ಪೊಟ್ಟಣದ ಮೇಲಿನ ಮುಖ

ಶೀಶೆಯಲ್ಲಿ ನಿನ್ನೆ ಇದ್ದಷ್ಟು ಇರಲಿಲ್ಲ. ರಾಜೇಶ್ವರಮ್ಮ ಅದನ್ನು ದೇವರ ಕೋಣೆಯ ಬಾಗಿಲಿಗೆ ತಂದು ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಬೆರಳು ದಪ್ಪದಷ್ಟು ಉಳಿದಿತ್ತು. ಅವಳು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದದ್ದು ರಾತ್ರಿಗೆ ನಾಲ್ಕೇ ಹನಿ. ಮುಚ್ಚಳ ಬಿಗಿಯಾಗಿತ್ತು. ಚೆಲ್ಲಿದ ಗುರುತೂ ಇಲ್ಲ. ಫೋಟೋ ತೆಗೆಸುವ ದಿನ ಬೇರೆ ಹತ್ತಿರ ಬರುತ್ತಿತ್ತು.

ಅವಳ ಗುರೆಳ್ಳು ಚಟ್ನಿಪುಡಿ ಇಷ್ಟು ವರ್ಷ ಶಿರಾಳಕೊಪ್ಪದ ಅಂಗಡಿಗಳಿಗೆ ಬರೀ ಪ್ಲಾಸ್ಟಿಕ್ ಕವರಿನಲ್ಲೇ ಹೋಗುತ್ತಿತ್ತು. ಈಗ ಸೊರಬದವರೂ ಕೇಳತೊಡಗಿದ ಮೇಲೆ ಮೈದುನ ಮಲ್ಲಿಕಾರ್ಜುನ್ ಬಣ್ಣದ ಪೊಟ್ಟಣ ಮಾಡಿಸುವ ಹುರುಪಿನಲ್ಲಿದ್ದ. "ಮ್ಯಾಲೆ ಒಂದು ಹೆಣ್ಮಗಳ ಫೋಟೋ ಇರ್ಬೇಕು ಅತ್ತಿಗಿ. ನಮ್ಮ ಚೈತ್ರಶ್ರೀದು ಹಾಕಾನ" ಎಂದಿದ್ದ. ರಾಜೇಶ್ವರಮ್ಮನ ಕಾಲೇಜಿಗೆ ಹೋಗುವ ಮಗಳ ಮುಖ ನುಣ್ಣಗಿತ್ತು. ಎಲ್ಲರೂ ತಲೆಯಾಡಿಸುತ್ತಿದ್ದರು.

"ಪುಡಿ ಕುಟ್ಟೋಳು ನಾನು. ನಂದ ಹಾಕ್ರಿ" ಎಂಬ ಮಾತು ರಾಜೇಶ್ವರಮ್ಮನ ಬಾಯಿಂದ ತಾನಾಗಿ ಬಂದುಬಿಟ್ಟಿತ್ತು.

"ಜನ ಕಿತ್ತಳೆಹಣ್ಣಿನ ಪುಡಿ ಅನ್ಕೊಂಡಾರು ಅತ್ತಿಗಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮೂಗು, ಕೆನ್ನೆಯ ಮೇಲೆಲ್ಲ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ತೂತುಗಳಿರುವ ಆ ಮುಖವನ್ನು ಅವಳು ಹುಡುಗಿಯಾಗಿದ್ದಾಗಿನಿಂದ ಫೋಟೋಗಳಲ್ಲಿ ಯಾರದಾದರೂ ಭುಜದ ಹಿಂದೆ ಇಟ್ಟುಕೊಂಡೇ ಬಂದಿದ್ದಳು. ಕೊನೆಗೆ ಮಲ್ಲಿಕಾರ್ಜುನ್, "ಆತು, ಇಬ್ಬರ್ದೂ ತೆಗೆಸಾನ. ಯಾವುದು ಚಲೋ ಬರ್ತೈತೋ ಅದು" ಎಂದ.

ಮಾರನೆಯ ದಿನವೇ ಅವಳು ಉಡುತಡಿಯಿಂದ ಬಸ್ಸು ಹತ್ತಿ ಶಿರಾಳಕೊಪ್ಪದ ಫಿರ್ದೋಸಳ ಫ್ಯಾನ್ಸಿ ಸ್ಟೋರಿಗೆ ಹೋಗಿದ್ದಳು. ಫಿರ್ದೋಸ್ ಒಂದೊಂದೇ ಶೀಶೆ ಇಳಿಸಿದಳು. "ಇದು ಸ್ಯಾಲಿಸಿಲಿಕ್ ಆಸಿಡ್ ರಾಜಕ್ಕ. ತೂತಿನಾಗ ಕುಂತ ಜಿಡ್ಡು ತೆಗೀತೈತಿ."

"ಆಸಿಡ್ ಅಂದ್ರ ಬಚ್ಚಲಾ ತೊಳಿಯೋದಲ್ಲೇನೇ?"

"ಹಂಗಾರ ಇದು ತಗೋ. ನಯಾಸಿನಮೈಡ್. ತೂತು ಮುಚ್ಚೋದಿಲ್ಲ, ಮೊದ್ಲ ಹೇಳ್ತೀನಿ. ಮುಚ್ಚೋ ಔಷಧಿ ಎಲ್ಲೂ ಇಲ್ಲ. ಜಿಡ್ಡು ಕಮ್ಮಿ ಆಗಿ ಸಣ್ಣಗೆ ಕಾಣ್ತಾವ ಅಷ್ಟ. ಬಿಸಿಲಿಗೆ ಇಡಬ್ಯಾಡ. ಹಗಲು ಹೊತ್ತು ಸನ್‌ಸ್ಕ್ರೀನ್ ಬಿಡಬ್ಯಾಡ. ಅವಸರಾನೂ ಮಾಡಬ್ಯಾಡ."

ಆ ಹೆಸರನ್ನು ಅವಳು ಗುರೆಳ್ಳು ಹುರಿಯುತ್ತ ಬಾಯಲ್ಲೇ ಹೇಳಿಕೊಂಡು ಕಲಿತಳು. ಯಾರಿಗೂ ತಿಳಿಯಬಾರದೆಂದು ಶೀಶೆಯ ಮೇಲಿನ ಚೀಟಿ ಕಿತ್ತುಹಾಕಿ, ಮನೆಯಲ್ಲಿ ತಂಪಾಗಿ ಕತ್ತಲಾಗಿರುವ ಜಾಗವೆಂದು ದೇವರ ಕೋಣೆಯ ಗೂಡಿನಲ್ಲಿ, ಕರ್ಪೂರದ ಡಬ್ಬಿಯ ಹಿಂದೆ ಶೀಶೆ ಇಟ್ಟಳು. ವಾರಗಳು ಕಳೆದಂತೆ ಮಧ್ಯಾಹ್ನದ ಹೊತ್ತಿಗೆ ಮುಖ ಮೊದಲಿನಂತೆ ಜಿಡ್ಡುಗಟ್ಟದಾಯಿತು. ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಮೊಬೈಲಿನ ಟಾರ್ಚ್ ಬಿಟ್ಟು ನೋಡಿದಳು. ನೋಡಿದ್ದನ್ನು ನಂಬದೆ ಮತ್ತೆ ನೋಡಿದಳು. ಆ ದಿನ ಒರಳಿನ ಮುಂದೆ ಕುಳಿತವಳಿಗೆ ಕೈ ನೋಯಲೇ ಇಲ್ಲ.

ಈಗ ನೋಡಿದರೆ ಶೀಶೆ ಖಾಲಿಯಾಗುತ್ತಿದೆ.

ಮರುದಿನ ಬೆಳಿಗ್ಗೆ ಹೂವು ಕೊಡುವ ನೆಪದಲ್ಲಿ ಅವಳು ದೇವರ ಕೋಣೆಗೆ ಇಣುಕಿದಳು. ಅತ್ತೆ ಹಾಲಮ್ಮ ಪೂಜೆಗೆ ಕುಳಿತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ. ಬಲಗೈಯಲ್ಲಿ ಅದೇ ಶೀಶೆ. ಮುಚ್ಚಳದ ರಬ್ಬರು ಒತ್ತಿ ಒತ್ತಿ ಲಿಂಗದ ಮೇಲೆ ಧಾರಾಳವಾಗಿ ಹನಿಸುತ್ತಿದ್ದಳು.

"ಅತ್ತಿ, ಅದೇನು ಹಾಕಾಕತ್ತೀರಿ?"

"ಪನ್ನೀರು. ಚಂದ್ರಗುತ್ತಿ ಜಾತ್ರಿಗೆ ಹೋದೋರು ಯಾರೋ ತಂದುಕೊಟ್ಟಿರ್ಬೇಕು. ವಾಸನಿ ಇಲ್ಲ, ಆದ್ರ ತಣ್ಣಗೈತಿ."

ಸುಮ್ಮನಿದ್ದರೆ ನಾಳೆಗೆ ಉಳಿದದ್ದೂ ಹೋಗುತ್ತದೆ. ರಾಜೇಶ್ವರಮ್ಮ ಹೊಸ್ತಿಲ ಮೇಲೆ ಕೈಯಿಟ್ಟು ಹೇಳಿಯೇಬಿಟ್ಟಳು. "ಪನ್ನೀರಲ್ಲ ಅತ್ತಿ. ನಾನು ಮುಖಕ್ಕ ಹಚ್ಚೋದು."

ಹಾಲಮ್ಮ ಶೀಶೆ ಕೆಳಗಿಟ್ಟಳು. ನೀರು ಹಾಕಿ ಲಿಂಗವನ್ನು ತೊಳೆದು, ವಿಭೂತಿ ಧರಿಸಿ, ಪತ್ರೆ ಏರಿಸಿ, ಕಣ್ಣು ಮುಚ್ಚಿದಳು. ಅವಳ ತುಟಿ ಅಲ್ಲಾಡುವುದನ್ನೇ ನೋಡುತ್ತ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಈ ವಯಸ್ಸಿಗೆ ಈ ಸೋಗು, ಅದೂ ದೇವರ ಗೂಡಿನಲ್ಲಿ. ಅತ್ತೆ ಏನೆನ್ನುತ್ತಾಳೋ ಎಂದು ಕಾಯುತ್ತಿದ್ದಳು. ಪೂಜೆ ಮುಗಿದು ಲಿಂಗ ಕೊರಳಿನ ಕರಡಿಗೆಯೊಳಗೆ ಸೇರಿತು.

"ಮುಖಕ್ಕ ಯಾಕ?"

"ತೂತು ಸಣ್ಣಾಗ್ತಾವಂತ."

"ಆಗ್ಯಾವೇನು? ಬಾ ಇತ್ಲಾಗ, ಬೆಳಕಿಗೆ."

ಹಾಲಮ್ಮ ಸೊಸೆಯ ಗದ್ದ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ನೋಡಿದಳು. "ಮೂಗಿನ ಮ್ಯಾಲಿನವು ಹಂಗ ಅದಾವ. ಕೆನ್ನಿ ಮ್ಯಾಲಿನವು ಸಣ್ಣಾಗ್ಯಾವ." ಆಮೇಲೆ ತನ್ನ ಎಡ ಅಂಗೈ ಚಾಚಿದಳು. "ಇದನ್ನ ಮುಟ್ಟಿ ನೋಡು. ಕಳೆ ಕಿತ್ತು ಕಿತ್ತು ಕಟ್ಟಿಗಿ ಆಗಿತ್ತು. ಈಗ ಹೆಂಗ ಮೆತ್ತಗಾಗೈತಿ. ನಾನು ಶಿವನ ಕೃಪಾ ಅಂತ ತಿಳ್ಕೊಂಡಿದ್ದೆ."

ರಾಜೇಶ್ವರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ಹೊರಗೆ ಬಂತು. ಹಾಲಮ್ಮನ ಹೊಟ್ಟೆಯೂ ಕುಲುಕತೊಡಗಿತು.

"ಉಳಿದದ್ದು ನೀನ ಹಚ್ಕೋ. ಲಿಂಗಕ್ಕ ನೀರು ಸಾಕು. ಮಲ್ಲಂಗೆ ಹೇಳಬ್ಯಾಡ, ಮತ್ತ ಕಿತ್ತಳೆ ಅಂತಾನ. ಫೋಟೋಕ್ಕ ನಾನೂ ಬರ್ತೀನಿ."

ಶಿರಾಳಕೊಪ್ಪದಲ್ಲಿ ಸಂತೆಯ ದಿನ ಕೊಟ್ರೇಶನ ಸ್ಟುಡಿಯೋದಲ್ಲಿ ಮೊದಲು ಚೈತ್ರಶ್ರೀಯ ಫೋಟೋ ಆಯಿತು. ನಂತರ ಅವಳವ್ವನದು. ಕಂಪ್ಯೂಟರಿನ ಪರದೆ ತುಂಬ ತನ್ನ ಮುಖ ಬಂದಾಗ ರಾಜೇಶ್ವರಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ಒಂದು ಒತ್ತು ಒತ್ತಿದ್ರ ಸಾಕ್ರೀ ಅಕ್ಕಾರ, ಎಲ್ಲಾ ಬೆಣ್ಣಿ ಆಗ್ತೈತಿ" ಎಂದ ಕೊಟ್ರೇಶ್ ಒತ್ತಿಯೇಬಿಟ್ಟ. ಮುಖದ ಮೇಲೆ ಒಂದು ಚುಕ್ಕೆಯೂ ಉಳಿಯಲಿಲ್ಲ.

"ವಾಪಸ್ ಹಾಕ್ರಿ" ಎಂದಳು ರಾಜೇಶ್ವರಮ್ಮ.

"ಯಾಕ್ರೀ?"

"ಇಷ್ಟು ದಿನ ಹಚ್ಚೀನಿ. ಎಷ್ಟು ಸಣ್ಣಾಗ್ಯಾವ ಅಂತ ಕಾಣಬ್ಯಾಡೇನು?"

ಕೊಟ್ರೇಶ್ ತೂತುಗಳಿದ್ದ ಫೋಟೋವನ್ನೇ ವಾಪಸ್ ತಂದ. ಮಲ್ಲಿಕಾರ್ಜುನ್ ತಿರುಗಿದ. "ಏನು ಹಚ್ಚೀರಿ ಅತ್ತಿಗಿ?"

"ಪನ್ನೀರು" ಎಂದಳು ಹಾಲಮ್ಮ, ಕಣ್ಣು ಮಿಟುಕಿಸದೆ. "ಇದನ್ನ ಹಾಕ್ಸು. ಕುಟ್ಟೋಳ ಮುಖ ಇದು."

ಅವನು ಪರದೆಗೆ ಬಗ್ಗಿ ಬಹಳ ಹೊತ್ತು ನೋಡಿದ. ಕಿತ್ತಳೆಯ ಮಾತು ಅವನ ಬಾಯಿಂದ ಬರಲಿಲ್ಲ. "ಹಂಗಾರ ಇದ ಇರ್ಲಿ ಕೊಟ್ರೇಶಣ್ಣ" ಎಂದ. ಚೈತ್ರಶ್ರೀ ಅವ್ವನ ತೋಳು ಹಿಂಡಿದಳು.

ಊರಿನ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕುಳಿತರು. ಮೊಬೈಲಿಗೆ ಬಂದಿದ್ದ ಫೋಟೋವನ್ನು ಹಾಲಮ್ಮ ತೊಡೆಯ ಮೇಲಿಟ್ಟುಕೊಂಡು, ಆ ಮೂಗನ್ನು ಎಡಗೈ ಬೆರಳಿನಿಂದ ಮೆಲ್ಲಗೆ ತಟ್ಟಿದಳು, ಮತ್ತೆ ತಟ್ಟಿದಳು. ಫೋಟೋ ಥಟ್ಟನೆ ದೊಡ್ಡದಾಗಿ ಪರದೆ ತುಂಬ ಬರೀ ಮೂಗು ನಿಂತಿತು. ಸಂತೆಯ ಚೀಲಗಳ ನಡುವೆ ಬಸ್ಸು ಹೊರಟಾಗ ಇಬ್ಬರೂ ತಲೆಗೆ ತಲೆ ತಾಗಿಸಿ ಅದನ್ನೇ ನೋಡುತ್ತಿದ್ದರು.