ಮೋಟಾರಿನ ಸದ್ದಿನಲ್ಲಿ ಪ್ರಾರ್ಥನೆ

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಸೇರಿ ಅವಳಿಗೆ ಇಟ್ಟ ಹೆಸರು ಮೌನಗೌರಿ. ಚರ್ಚಿಗೆ ಹೋಗುವವಳಿಗೆ ಗೌರಿ ಅಂತ ಹೆಸರಿಟ್ಟರಲ್ಲ ಎಂದು ಅವಳೇ ಒಳಗೊಳಗೆ ನಗುತ್ತಿದ್ದಳು, ಬಾಯಿಬಿಟ್ಟು ಹೇಳಿದವಳಲ್ಲ. ನಾಲ್ಕು ಜನ ಸೇರಿದರೆ ಸಾಕು, ಅವಳ ನಾಲಿಗೆಗೆ ಬೀಗ ಬೀಳುತ್ತಿತ್ತು.

ಆ ದಿನ ಮಾತ್ರ ಆ ಬೀಗದ ಮೇಲೆ ಅವಳಿಗೇ ಸಿಟ್ಟು ಬಂದಿತ್ತು. ಎದುರಿನ ಮೇಜಿನಲ್ಲಿ ಇಸ್ತ್ರಿ ಮಾಡುವ ಅಕ್ಕನಿಗೆ ಮರುದಿನ ಹೃದಯದ ಆಪರೇಷನ್. ಹಿಂದುಮುಂದು ಯಾರೂ ಇಲ್ಲದ ಹೆಂಗಸು. ಬಾಯಿ ತುಂಬ ನಗುತ್ತಿದ್ದರೂ ಬೆಳಿಗ್ಗೆಯಿಂದ ಇಸ್ತ್ರಿ ಆದ ಅಂಗಿಗಳನ್ನೇ ಮತ್ತೆ ಮತ್ತೆ ಇಸ್ತ್ರಿ ಮಾಡುತ್ತಿದ್ದಳು. ‘ಯೇಸು ನಿಮ್ಮ ಜೊತೆಗಿದ್ದಾನೆ, ಹೆದರಬೇಡಿ’ ಎನ್ನುವುದಕ್ಕೆ ಪಾಂಡಿತ್ಯ ಬೇಕೇ? ಪಾದ್ರಿಗಳಾಗಿದ್ದರೆ ಕಲ್ಲೂ ಕರಗುವ ಹಾಗೆ ಹೇಳುತ್ತಿದ್ದರು. ಇವಳೋ, ಮೇಜಿನ ತನಕ ಹೋಗಿ “ಕಾಲರ್ ಆಯ್ತಾ ಅಕ್ಕಾ?” ಎಂದು ಕೇಳಿ ವಾಪಸ್ ಬಂದಳು. ಮತ್ತೆ ಧೈರ್ಯ ಮಾಡಿ ಹೋದವಳು ಸೂಜಿ ಕೇಳಿದಳು. ಇಸ್ತ್ರಿ ಮಾಡುವವಳ ಹತ್ತಿರ ಸೂಜಿ!

ಸೋತು ಬಂದು ಯಂತ್ರದ ಪೆಡಲ್ ಒತ್ತಿದಳು. ಮೋಟಾರಿನ ಗದ್ದಲದಲ್ಲಿ ಮಾತ್ರ ಅವಳಿಗೆ ಬಾಯಿ ಬರುತ್ತಿತ್ತು. ಅಕ್ಕನ ಕಾಯಿಲೆ ತಿಳಿದಾಗಿನಿಂದ ತೋಳು ಜೋಡಿಸುತ್ತ, ಕಾಲರ್ ಹೊಲಿಯುತ್ತ ಪ್ರಾರ್ಥಿಸುತ್ತಲೇ ಇದ್ದಳು. “ಸ್ವಾಮೀ, ಅಕ್ಕನ ಕೈ ಬಿಡಬೇಡಪ್ಪಾ. ನನ್ನ ಕೈಲಂತೂ ಹೇಳೋಕಾಗ್ತಿಲ್ಲ, ನೀನೇ ಹೇಳಿಬಿಡು.”

ಸಂಜೆ ಯಂತ್ರಗಳೆಲ್ಲ ನಿಂತು ಉಳಿದವರು ಹೊರಟ ಮೇಲೆ ಅಕ್ಕ ಬಂದು ಪಕ್ಕದಲ್ಲಿ ಕೂತಳು.

“ಏ ಮೌನಗೌರಿ, ನಿನ್ನ ಸ್ವಾಮಿ ನನಗಿನ್ನೂ ಏನೂ ಹೇಳಿಲ್ಲ ಕಣೇ.”

ಅವಳು ಬೆಚ್ಚಿ ತಿರುಗಿದಳು. “ಅಯ್ಯೋ, ನಿಮಗೆ ಕೇಳಿಸ್ತಾ?”

“ಆ ಗದ್ದಲದಲ್ಲಿ ಕೇಳಿಸೋದೆಲ್ಲಿ ಬಂತು? ಮೊದಲು ನಾನು ಮಗ್ಗದ ಕಾರ್ಖಾನೇಲಿದ್ದೆ. ಅಲ್ಲಿ ಕಿವಿ ಕೆಲಸಕ್ಕೆ ಬರಲ್ಲ, ತುಟಿ ನೋಡೇ ಮಾತು ತಿಳ್ಕೋತಿದ್ವಿ. ನೀನು ದಿನಾ ನನಗೋಸ್ಕರ ಬೇಡ್ಕೊಳ್ಳೋದನ್ನ ನೋಡ್ತಾನೇ ಇದ್ದೆ. ಒಂದೊಂದು ದಿನ ಅದನ್ನ ನೋಡೋಕೇ ಕೆಲಸಕ್ಕೆ ಬಂದಿದ್ದೀನಿ.”

ಅವಳಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. “ನನಗೆ ಪಾದ್ರಿಗಳ ಹಾಗೆ ಹೇಳೋಕೆ ಬರಲ್ಲ ಅಕ್ಕಾ.”

“ಭಾಷಣ ಯಾರಿಗೆ ಬೇಕು? ನಾಳೆ ನನ್ನನ್ನ ಒಳಗೆ ಕರ್ಕೊಂಡು ಹೋಗೋ ತನಕ ಜೊತೆಗಿರು.” ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. “ಅಲ್ಲಿ ಇದನ್ನ ತೆಗೆಸ್ತಾರಂತೆ. ಆಮೇಲೆ ನಿನ್ನ ತುಟಿ ಕಾಣಿಸಲ್ಲ. ಕಿವಿಗೆ ಬೀಳೋ ಹಾಗೆ ಹೇಳಬೇಕು, ಹೇಳ್ತೀಯಾ?”

ಅವಳು ಅಕ್ಕನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

“ಈಗ್ಲೇ ಒಂದ್ಸಲ ಹೇಳ್ಲಾ ಅಕ್ಕಾ?”